ಬೂದು ಬಣ್ಣದ ಟೇಪು

ಕ್ಯಾಂಟನ್, ಮಿಶಿಗನ್
೧೦ ಮೇ ೨೦೦೯

ಪ್ರೀತಿಯ ಜಯಾ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆದರೆ ನೀನು ನಂಬುವುದಿಲ್ಲ, ಬರೆಯದಿದ್ದರೆ ಕಾಗದ ಶುರುವಾಗುವುದಿಲ್ಲ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಿದಾಗಲೆಲ್ಲ ನಿನ್ನ ವಾಯ್ಸ್‌ಮೇಲ್ ಮಾತಾಡಿತು. ಅದರ ಜೊತೆ ಜಗಳ ಆಡುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ನಿನ್ನ ತಮ್ಮ ಪ್ರಕಾಶನ ಮಾತು ಕೇಳಿದ್ದೀಯ, ನನ್ನದನ್ನೂ ಕೇಳು.

ಕಾರ್ ಕಂಪನಿಯಲ್ಲಿ ಪ್ರಕಾಶನ ಕೆಲಸ ಹೋದಾಗ ನೀನು ಸ್ಕೋಕಿಯಿಂದ ಫೋನ್ ಮಾಡಿ ಅತ್ತಿದ್ದೆ. "ನಿಮ್ಮ ಹ್ಯಾಂಗರ್‌ನಲ್ಲಿ ಏನಾದ್ರೂ ನೋಡೇ, ವಿಮಾನ ತೊಳೆಯೋ ಕೆಲಸ ಆದ್ರೂ ಸರಿ" ಅಂದಿದ್ದೆ. ಹಾಗೇ ಆಯಿತು. ಎಂಜಿನಿಯರ್ ಪ್ರಕಾಶ ತೊಳೆಯುವವರ ತಂಡಕ್ಕೆ ಸೇರಿದ, ಅವರು ತೊಳೆದದ್ದನ್ನು ನೋಡಿ ಸಹಿ ಹಾಕುವವಳು ನಾನು. ಒಂದು ದಿನವೂ ಅವನು ಮುಖ ಗಂಟು ಹಾಕಿಕೊಳ್ಳಲಿಲ್ಲ. ಹೆಂಡತಿ ಶುಭಾಗೆ ಏಳು ತಿಂಗಳು, ಹೆರಿಗೆಯ ಖರ್ಚಿಗೆ ಕೆಲಸದ ಜೊತೆ ಬರುವ ಇನ್ಶೂರೆನ್ಸ್ ಬೇಕು. ಅದೊಂದೇ ಅವನ ತಲೆಯಲ್ಲಿ.

ಹೋದ ತಿಂಗಳು ನಮ್ಮಲ್ಲಿಗೆ ಒಂದು ವಿಮಾನ ಬಂತು. ಅಲಾಸ್ಕಾದಲ್ಲಿ ಅಗ್ನಿಪರ್ವತ ಸಿಡಿದಾಗ ಅಲ್ಲಿಯ ಬಯಲಲ್ಲಿ ನಿಂತಿತ್ತಂತೆ. ಎಂಜಿನ್‌ಗಳನ್ನು ಅಲ್ಲೇ ಚೊಕ್ಕ ಮಾಡಿ, ಖಾಲಿ ಹಾರಿಸಿಕೊಂಡು ಬಂದು ನಮ್ಮ ಹ್ಯಾಂಗರ್ ಮುಂದೆ ನಿಲ್ಲಿಸಿದರು. ಬಾಗಿಲ ಸಂದು, ಚಕ್ರದ ಗೂಡು, ಎಲ್ಲೆಲ್ಲೂ ಬೂದಿ. ಪ್ರಕಾಶ ಒದ್ದೆ ಬಟ್ಟೆ ಹಿಡಿದು ಹೊರಟೇಬಿಟ್ಟ. "ಅಮ್ಮ ಬೂದಿ ಹಾಕಿ ತಿಕ್ಕಿದ್ರೆ ಪಾತ್ರೆ ಫಳಫಳ ಅಂತಿತ್ತು, ಭಾನಕ್ಕ" ಅಂದ. ಇದು ನಿಮ್ಮಮ್ಮ ಅನುಸೂಯಮ್ಮನವರ ಒಲೆ ಬೂದಿಯಲ್ಲಪ್ಪಾ, ಗಾಜಿನ ಪುಡಿ, ತಿಕ್ಕಿದರೆ ಕಿಟಕಿಯೆಲ್ಲ ಗೀರು, ನೀರು ತಾಕಿದರೆ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ, ಮೊದಲು ವ್ಯಾಕ್ಯೂಮ್ ಹಿಡಿ ಎಂದು ಬೈದೆ. ಇಬ್ಬರೂ ನಕ್ಕೆವು.

ನೀರು ಬಿಡುವ ಮುಂಚೆ ವಿಮಾನದ ಮೂತಿಯ ಪಕ್ಕದ ಸಣ್ಣ ತೂತುಗಳಿಗೆ ಟೇಪ್ ಅಂಟಿಸಬೇಕು. ಎಷ್ಟು ಎತ್ತರ, ಎಷ್ಟು ವೇಗ ಎಂದು ಪೈಲಟ್‌ಗೆ ತಿಳಿಯುವುದೇ ಆ ತೂತುಗಳಿಂದ. ತೊಳೆದ ಮೇಲೆ ತೆಗೆಯಲೇಬೇಕು. ಮರೆತರೆ ಮೀಟರು ಸುಳ್ಳು ಹೇಳುತ್ತದೆ, ಹತ್ತಿದವರ ಗತಿ ದೇವರೇ ಬಲ್ಲ. ಅವತ್ತು ಎದ್ದು ಕಾಣುವ ಕೆಂಪು ಟೇಪ್ ಮುಗಿದಿತ್ತು. ಪ್ರಕಾಶ ಬೂದು ಬಣ್ಣದ್ದು ಅಂಟಿಸಿದ.

ಶುಕ್ರವಾರ ಮಧ್ಯಾಹ್ನ ಏರ್‌ಲೈನಿನವರು ಬಂದು ತಲೆಯ ಮೇಲೆ ಕೂತರು, ಸಂಜೆಗೇ ವಿಮಾನ ಬೇಕಂತೆ. ಟೇಪ್ ಎಲ್ಲ ತೆಗೆದಾಯಿತೇ ಎಂದು ಸೂಪರ್‌ವೈಸರ್ ಕೇಳಿದ. ತೆಗೆದಾಯಿತು ಎಂದ ಪ್ರಕಾಶ. ನಾನು ಟಾರ್ಚ್ ಹಿಡಿದು ಕೊನೆಯ ಸುತ್ತು ಹೊರಟೆ, ಅವನೂ ಜೊತೆಗೆ ಬಂದ. ಬಲಗಡೆ ಒಂದು ತೂತಿನ ಮೇಲೆ ಟೇಪ್ ಹಾಗೇ ಇತ್ತು. ಅವನೂ ನೋಡಿದ. ಆಚೆಯಿಂದ ಸೂಪರ್‌ವೈಸರ್ "ಏನಾದರೂ ಇದೆಯಾ?" ಎಂದು ಕೂಗಿದ.

ಇದೆ ಎಂದೆ, ಜಯಾ. ಉಗುರಿನಲ್ಲಿ ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಒಂದು ಉಳಿದಿದೆ ಎಂದ ಮೇಲೆ ಇನ್ನೊಂದು ಉಳಿದಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಇಡೀ ವಿಮಾನವನ್ನು ಮತ್ತೆ ಮೊದಲಿಂದ ನೋಡಿದೆವು. ಅದು ಹೊರಟಿದ್ದು ಮಾರನೇ ದಿನ. ಇನ್ನೊಂದು ಟೇಪ್ ಸಿಗಲಿಲ್ಲ. ಸಿಕ್ಕಿದ್ದರೆ, ಹೇಳಿದ್ದು ಸಾರ್ಥಕವಾಯಿತು ಎಂದು ನನಗೆಷ್ಟು ಸಮಾಧಾನವಾಗುತ್ತಿತ್ತು! ಜನ ಕಡಿಮೆ ಮಾಡಲು ನೆಪ ಹುಡುಕುತ್ತಿದ್ದ ಕಂಪನಿ ಪ್ರಕಾಶನನ್ನು ಅವತ್ತೇ ಮನೆಗೆ ಕಳಿಸಿತು. ಕೆಂಪು ಟೇಪ್ ತರಿಸದೇ ಇದ್ದವರನ್ನು ಯಾರೂ ಕೇಳಲಿಲ್ಲ. ನಾನು ಕೂಗಾಡಿದೆ, ಏನೂ ಪ್ರಯೋಜನವಾಗಲಿಲ್ಲ.

ನಾಳೆ ಇನ್ನೊಂದು ಟೇಪ್ ಕಂಡರೂ ಇದೆ ಎಂದೇ ಹೇಳುತ್ತೇನೆ. ಅದಕ್ಕೆ ನಿನ್ನ ಕ್ಷಮೆ ಕೇಳುವುದಿಲ್ಲ. ಸಿಟ್ಟಿದ್ದರೆ ಬಾಯಿ ತುಂಬ ಬೈ, ಮೈಸೂರಿನ ಹಾಸ್ಟೆಲಿನಿಂದ ನಿನ್ನ ಕೈಲಿ ಬೈಸಿಕೊಂಡೇ ಬಂದವಳು ನಾನು. ಮಾತು ಮಾತ್ರ ಬಿಡಬೇಡ ಕಣೇ, ತಡೆಯೋದಕ್ಕೆ ಆಗುತ್ತಿಲ್ಲ. ಶುಭಾಗೆ ಸುಸೂತ್ರ ಹೆರಿಗೆಯಾಗಲಿ, ತಾಯಿ ಮಗು ತಣ್ಣಗಿರಲಿ. ನಿನ್ನ ಮಗಳು ಮಾನ್ಯಾಗೆ ಈ ಆಂಟಿಯ ಮುದ್ದು.

ನಿನ್ನ
ಭಾನು

ತಾ.ಕ.: ಒಂದು ವಿಷಯ ಮೇಲೆ ಬರೆಯಲಿಲ್ಲ. ಪ್ರಕಾಶನೂ ನಿನಗೆ ಹೇಳಿರಲಾರ. ಸೂಪರ್‌ವೈಸರ್ ಕೂಗಿದಾಗ ಅವನು ಮೆಲ್ಲಗೆ "ಹೇಳ್ಬೇಡಿ ಭಾನಕ್ಕ, ದಮ್ಮಯ್ಯ, ಇನ್ಶೂರೆನ್ಸ್ ಹೋಗುತ್ತೆ" ಅಂದ. ಅಲ್ಲಿದ್ದವರಲ್ಲಿ ಅದು ಅರ್ಥವಾಗಿದ್ದು ನನ್ನೊಬ್ಬಳಿಗೆ. ನಾನು ಗಾಬರಿಯಲ್ಲಿ "ನೋ ಪ್ರಕಾಶ್, ಐ ವೋಂಟ್ ಹೈಡ್ ಇಟ್" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟೆ. ಮರೆತದ್ದಕ್ಕಾದರೆ ಬರೀ ವಾರ್ನಿಂಗ್ ಕೊಡುತ್ತಿದ್ದರು. ಮುಚ್ಚಿಡು ಅಂದದ್ದಕ್ಕೆ ತೆಗೆದರು. "ಆಗಲ್ಲ ಕಣೋ" ಎಂದು ಕನ್ನಡದಲ್ಲೇ ಹೇಳಬಹುದಿತ್ತು, ಜಯಾ. ಹೇಳಲಿಲ್ಲ.