ನಮ್ಮ ಕಂಪನಿಯ ಹೊಸ ಅಧ್ಯಕ್ಷೆ

ಸೋಮೇಶ,

ಕಳಿಸುವುದಿಲ್ಲ ಎಂದು ಗೊತ್ತಿರುವುದರಿಂದಲೇ ಧೈರ್ಯವಾಗಿ ಬರೆಯುತ್ತಿದ್ದೇನೆ. ನಾನು ನಿನ್ನನ್ನು ಕಂಪನಿಯಿಂದ ತೆಗೆದು, ನೀನು ಗಡಿಯಾಚೆಯ ಸುಲ್ತಾನ್ ಬತ್ತೇರಿ ಸೇರಿ ಎರಡು ವರ್ಷವಾಯಿತು. ನಿನ್ನ ಅಧ್ಯಕ್ಷ ಕುರ್ಚಿಯಲ್ಲಿ ಇನ್ನೂ ಯಾರನ್ನೂ ಕೂರಿಸಿಲ್ಲ. ಅಧ್ಯಕ್ಷರೆಲ್ಲಿ ಎಂದು ಗಿರಾಕಿಗಳು ಕೇಳಿದರೆ, ಸೈಟಿನಲ್ಲಿದ್ದಾರೆ ಎಂದುಬಿಡುತ್ತೇನೆ. ಇವತ್ತು ಸೈಟಿನಲ್ಲೇ ನಿಂತು ಕೇಳಿದರು.

ಮೈಸೂರಿನಿಂದ ಒಂದು ವ್ಯಾನ್ ತುಂಬ ಹೂಡಿಕೆದಾರರನ್ನು ಗುಂಡ್ಲುಪೇಟೆ ಲೇಔಟಿಗೆ ಕರೆತಂದಿದ್ದೆ. ಇಳಿದವರೇ ಎದುರಿನ ನಿಮ್ಮ ಸೂರ್ಯಕಾಂತಿ ಹೊಲಕ್ಕೆ ನುಗ್ಗಿ ಫೋಟೊ ತೆಗೆಸಿಕೊಳ್ಳತೊಡಗಿದರು. ನಿಮ್ಮವ್ವ ಕೋಲು ಹಿಡಿದು ಬಂದರು. ಅದೇ ಹೊತ್ತಿಗೆ ಒಬ್ಬ ನಿವೃತ್ತ ಮೇಷ್ಟ್ರು, "ಅಧ್ಯಕ್ಷರನ್ನ ನೋಡ್ದೆ ನಾನು ಸೈಟ್ ಬುಕ್ ಮಾಡಲ್ಲ" ಎಂದು ಹಟ ಹಿಡಿದರು. ನನಗೆ ಬುದ್ಧಿ ಓಡಲಿಲ್ಲ. "ಇವರೇ" ಎಂದು ನಿಮ್ಮವ್ವನನ್ನು ತೋರಿಸಿಬಿಟ್ಟೆ.

ಮೇಷ್ಟ್ರು ಕೈಮುಗಿದು, "ಜಾಗ ಹೇಗಮ್ಮಾ?" ಎಂದರು.

"ಜಾಗಕ್ಕೇನು, ಚೆಂದಾಗದೆ. ಬ್ಯಾಸ್ಗೇಲಿ ಗೋಪಾಲಸ್ವಾಮಿ ಬೆಟ್ಟದ್ ಕಡೆಯಿಂದ ಆನೆ ಬತ್ತವೆ. ಕಾಂಪೌಂಡ್ ಕಟ್ಟುದ್ರೂ ಕೆಡವ್ಬುಟ್ಟು ಓಯ್ತವೆ."

ನಾನು ವ್ಯಾನಿನ ಹಿಂದೆ ಅಡಗಿದೆ. ಇಷ್ಟು ಸತ್ಯ ಹೇಳುವ ಕಂಪನಿಯನ್ನು ನೋಡೇ ಇಲ್ಲ ಎಂದು ಮೇಷ್ಟ್ರು ಅಲ್ಲೇ ಬುಕ್ ಮಾಡಿದರು. ಅವರ ಹಿಂದೆಯೇ ಇನ್ನೂ ಮೂವರು.

ವ್ಯಾನ್ ಹೋದ ಮೇಲೆ ಅವ್ವ ಕೇಳಿದರು: "ಅಧ್ಯಕ್ಷ ಅಂದ್ರೆ ಏನ್ಲಾ ಕೆಲ್ಸ, ರಂಗಾ?"

"ಏನಿಲ್ಲ ಕಣವ್ವಾ. ಕೇಳ್ದೋರ್ಗೆ ಜಾಗದ್ ವಿಚಾರ ಹೇಳದು."

"ನಮ್ ಸೋಮೇಶನೂ ಗಿರಾಕಿಗಳ್ಗೆ ಆನೆ ಬತ್ತವೆ ಅಂತ್ಲೇ ಅಲ್ವೇನ್ಲಾ ಹೇಳಿದ್ದು?"

ನಾನು ಲೇಔಟಿನ ಬೋರ್ಡು ಸರಿಮಾಡುವವನಂತೆ ಆ ಕಡೆ ತಿರುಗಿದೆ.

ಸಂಜೆ ಆಫೀಸಿಗೆ ಬಂದು ನಿನ್ನ ಕುರ್ಚಿಯ ಧೂಳು ಒರೆಸಿದೆ. ಅವ್ವನಿಗಾಗಿ ಅಂದುಕೋ.

ರಂಗನಾಯಕ