ಜೀವನದಲ್ಲಿ ಏನು ಬೇಕು ಎಂಬ ನಿನ್ನ ಹಾಳೆಗೆ ಉತ್ತರ

ತಮ್ಮಾ,

ಬೆಳಗಿನಿಂದ ದಟ್ಟ ಮಂಜು. ಎದುರುಮನೆಯ ಗೇಟೇ ಕಾಣುತ್ತಿಲ್ಲ; ನಿನಗೆ ಮಾತ್ರ ನನ್ನ ಮುಂದಿನ ಐದು ವರ್ಷ ಕಾಣುತ್ತದಂತೆ. ಮಲಗಿರು ಮಹಾರಾಯ, ಎಬ್ಬಿಸುವುದಿಲ್ಲ.

ಹಾಲು ಕಾಯಿಸಿದ್ದೇನೆ, ಮುಚ್ಚಿಡು. ಜೀವನದಲ್ಲಿ ಏನು ಬೇಕೆಂದು ಬೆಕ್ಕಿಗೆ ಚೆನ್ನಾಗಿ ಗೊತ್ತು. ನೆನೆಸಿದ ಬಟ್ಟೆ ಹಿಂಡಿ ಒಣಹಾಕು.

ಯಾವುದು ಎಷ್ಟು ಬೇಕೋ ಅಂಕ ಹಾಕು ಅಂತ ನೀನು ಕೊಟ್ಟ ಹಾಳೆಯನ್ನು ದೇವರ ಮುಂದಿಟ್ಟು ಕೂತೆ. ಪಾತ್ರೆ ತೊಳೆದೆಯಾ ಅಂದರೆ ನೀನು ಸುಮ್ಮನಿರುವ ಹಾಗೆ ಅವನೂ ಸುಮ್ಮನಿದ್ದ. ಕೊನೆಗೆ ನಾನೇ ತುಂಬಿದೆ. ‘ನಾಯಕತ್ವ’ಕ್ಕೆ ಸೊನ್ನೆ ಹಾಕಿದ್ದೇನೆ, ಕೂಗಾಡಬೇಡ.

ಕಾರ್ಖಾನೆಯಲ್ಲಿ ಒಂದು ತಿಂಗಳು ಮೇಲ್ವಿಚಾರಕಿಯಾಗಿ ನಾನು ಮಾಡಿದ್ದೇನು ಗೊತ್ತೇ? ಸೊಟ್ಟ ಕಾಲರ್ ಹೊಲಿದವರ ಹೆಸರು ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು. ನಾನು ದಿನಾ ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು, ಅವನ್ನು ಬಿಚ್ಚಿ, ನಾನೇ ಹೊಲಿದುಬಿಟ್ಟೆ. ತಿಂಗಳಿಗೆ ನಲವತ್ತೊಂದು ಕಾಲರ್! ಮ್ಯಾನೇಜರ್ ಖಾಲಿ ಪುಸ್ತಕ ನೋಡಿ, “ಏನಮ್ಮಾ, ನಿಮ್ಮ ಕೈಕೆಳಗೆ ಎಲ್ಲರೂ ದೇವತೆಗಳಾಗಿಬಿಟ್ರಲ್ಲ!” ಅಂದು ಹುದ್ದೆ ಕಾಯಂ ಮಾಡ್ತೀನಿ ಅಂದರು. ಇವತ್ತು ಉತ್ತರ ಹೇಳಬೇಕು.

ಆ ತಿಂಗಳಲ್ಲಿ ನಾನು ಸುಖವಾಗಿದ್ದದ್ದು ಕದ್ದು ಹೊಲಿದ ದಿನದ ಆ ಅರ್ಧ ಗಂಟೆ ಮಾತ್ರ ಕಣೋ. ಸೂಜಿ ಓಡುತ್ತಿದ್ದರೆ ಬಾಯಿಗೆ ದೇವರ ನಾಮ ತಾನಾಗಿ ಬರುತ್ತದೆ. ಆ ದೊಡ್ಡ ಕುರ್ಚಿಯಲ್ಲಿ ಕೂತರೆ ಬರೀ ಬೈಗುಳ.

ಹೆಚ್ಚಿನ ಸಂಬಳ ಹೋಯಿತೆಂದು ಮುನಿಸಿಕೊಳ್ಳುತ್ತೀಯ. ಮುನಿಸಿಕೋ, ಆದರೆ ತಿಂಡಿ ತಿಂದು ಮುನಿಸಿಕೋ.

ಮ್ಯಾನೇಜರಿಗೆ ನಿಜ ಹೇಳಿ ಬೈಸಿಕೊಳ್ಳುತ್ತೇನೆ. ಆಮೇಲೆ ಮೇಲ್ವಿಚಾರಕಿಯ ಬೀಗದ ಕೈ ಗೊಂಚಲನ್ನು ಅವರ ಕೈಗೆ ಸದ್ದಿಲ್ಲದೆ ಒಪ್ಪಿಸಿ, ನನ್ನ ಮೆಷಿನ್ನಿನ ಮುಂದೆ ಹೋಗಿ ಕೂರುತ್ತೇನೆ.

ಅಕ್ಕ