ಬೋಟಿನ ಪಾಲು

ಜನವರಿ 9, ಗುರುವಾರ
ಮಂಗಳೂರು, ಫಳ್ನೀರಿನ ಕ್ಲಿನಿಕ್. ಮಧ್ಯಾಹ್ನದೊಳಗೆ ಹದಿನಾಲ್ಕು ಜನ. ಮೀನಿನ ಬೋಟಿನವರಿಗೆ ಎಚ್‌ಐವಿ ಮಾತ್ರೆ ಎರಡು ತಿಂಗಳಿಗೆ ಒಟ್ಟಿಗೇ ಕೊಟ್ಟು ನೋಡುವ ನಮ್ಮ ಸ್ಟಡಿಗೆ ವರ್ಷ ತುಂಬಿತು. ನಡುವೆ ಬಿಟ್ಟುಹೋದವರು ಒಬ್ಬರೂ ಇಲ್ಲ. ದೆಹಲಿ ಕಾನ್ಫರೆನ್ಸಿಗೆ ಬರೆದು ಕಳಿಸಿದೆ. ಹೆಮ್ಮೆ ಇಲ್ಲ ಎಂದರೆ ಸುಳ್ಳು.

ಒಂದೇ ತಲೆನೋವು, ಪೂವಪ್ಪ. ಪ್ರತಿ ಸಲ ಡಬ್ಬಿ ಸರಿಯಾಗಿ ಖಾಲಿ. ರಕ್ತದಲ್ಲಿ ವೈರಸ್ ಮಾತ್ರ ಇಳಿದಿಲ್ಲ, ನಲ್ವತ್ತು ಸಾವಿರ. ಮದ್ದಿಗೆ ಬಗ್ಗದ ಹೊಸ ತಳಿಯೇ? ಆಗಲೇ ಇನ್ನೊಂದು ಪೇಪರಿನ ತಲೆಬರಹ ಯೋಚಿಸಿಬಿಟ್ಟೆ... ನಾಚಿಕೆ ಇಲ್ಲ ನನಗೆ.

ಜನವರಿ 23
ಹೇಳಿಕಳಿಸಿದ್ದಕ್ಕೆ ಪೂವಪ್ಪ ಬೋಟು ನಿಲ್ಲುವ ಧಕ್ಕೆಯಿಂದ ನೇರ ಬಂದ. ಕೌನ್ಸೆಲರ್ ತೆರೆಸಾ ಜೊತೆಗಿದ್ದಳು.

"ಮಾತ್ರೆ ದಿನಕ್ಕೊಂದು ತಿಂತೀರಾ?" ಎಂದೆ.

"ದಿನಕ್ಕೊಂದು ಮುಗೀತದೆ."

"ತಿನ್ನುವುದು ಯಾರು?"

"ಒಂದು ದಿನ ನಾನು, ಒಂದು ದಿನ ಅವ. ನಮ್ಮದೇ ಬೋಟಿನವ. ಅವನಿಗೂ ಇದೇ ಕಾಯಿಲೆ. ನಿಮ್ಮ ಅಪ್ಪನೂ ಕಡಲಿಗೆ ಹೋದವರಲ್ವಾ ಜ್ಯೋತ್ಸ್ನಾ ಡಾಕ್ಟ್ರೇ? ಬೋಟಿನಲ್ಲಿ ಎಂತ ಇದ್ರೂ ಪಾಲು ಉಂಟು. ಒಬ್ಬನೇ ತಿನ್ಲಿಕ್ಕೆ ಆಗ್ತದಾ?"

ಹೆಸರು ಕೇಳಿದೆ.

"ಹೆಸರು ಹೇಳಬಾರದು ಅಂತ ಕಲಿಸಿದ್ದು ನೀವೇ."

ಸಿಟ್ಟು ಬಂತು. ಬೈದೆ. ಹೀಗೆ ಮಾಡಿದರೆ ಇಬ್ಬರಿಗೂ ಮದ್ದು ನಾಟುವುದಿಲ್ಲ, ಕರೆದುಕೊಂಡು ಬನ್ನಿ ಎಂದೆ. ಇಷ್ಟು ವರ್ಷ ಮೀನು ಪಾಲಾಗುವುದನ್ನು ನೋಡಿ ಬೆಳೆದವಳು, ನನಗೇ ಹೊಳೆಯಲಿಲ್ಲ.

ಸಂಜೆ ಮೇಲ್ ಬಂತು. ದೆಹಲಿಯವರು ಒಪ್ಪಿದ್ದಾರೆ.

ಫೆಬ್ರವರಿ 14, ಬೆಳಿಗ್ಗೆ 11.20
ಪಂಪ್‌ವೆಲ್ ಸರ್ಕಲಿನ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿ ತಡ. ಪೂವಪ್ಪ, ಅವನ ಬೋಟಿನವ, ಇಬ್ಬರೂ ಕ್ಲಿನಿಕ್ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಕಮಲೇಶ್, ಮೂವತ್ತಾರು ವರ್ಷ. ತೂಕ 39. ಹತ್ತು ಹೆಜ್ಜೆಗೆ ಏದುಸಿರು. ಅಡ್ಮಿಟ್ ಮಾಡಿಸಿದೆ.

"ಮೊದಲೇ ಯಾಕೆ ಬರಲಿಲ್ಲ ಮಾರಾಯ?"

"ಬಂದಿದ್ದೆ. ಹೋದ ವರ್ಷ. ನೀವೇ ಬೇಡ ಅಂದ್ರಿ."

ಸಂಜೆ 4
ಹಳೆ ಫೈಲ್ ತೆಗೆಸಿದೆ. ನಿಜ. ಫಾರಂ 47. "ಎರಡು ಸಲ ತಾರೀಖು ತಪ್ಪಿಸಿದ್ದಾನೆ. ಸೇರಿಸುವುದು ಬೇಡ." ಕೆಳಗೆ ನನ್ನ ಸಹಿ. ಸರ್ಕಾರಿ ಎಚ್‌ಐವಿ ಕೇಂದ್ರಕ್ಕೆ ಚೀಟಿ ಕೊಟ್ಟಿದ್ದೆ. ಹೋದನಾ ಎಂದು ಒಮ್ಮೆಯೂ ವಿಚಾರಿಸಲಿಲ್ಲ. ಹೋಗಿಲ್ಲ. ಅಲ್ಲಿ ಅವನ ಹೆಂಡತಿಯ ಅಕ್ಕ ಕೆಲಸಕ್ಕಿದ್ದಾಳಂತೆ.

ಬಿಟ್ಟುಹೋಗುವ ಹಾಗೆ ಕಂಡವರನ್ನು ನಾನೇ ಮೊದಲು ಬಿಟ್ಟೆ. ಅದಕ್ಕೇ ಯಾರೂ ಬಿಟ್ಟುಹೋಗಲಿಲ್ಲ.

ಫೆಬ್ರವರಿ 17
ನ್ಯುಮೋನಿಯಾ. ಆಕ್ಸಿಜನ್ ಇಳಿಸಲು ಆಗುತ್ತಿಲ್ಲ. ಪೂವಪ್ಪ ಬೋಟಿಗೆ ಹೋಗಿಲ್ಲ, ಗಂಜಿ ತರುತ್ತಾನೆ. ತನ್ನ ಮಾತ್ರೆಯನ್ನು ತೆರೆಸಾಳ ಎದುರೇ ನುಂಗುತ್ತಾನೆ. "ಇವ ಉಳೀತಾನಲ್ವಾ ಡಾಕ್ಟ್ರೇ?" ನೋಡುವಾ ಎಂದೆ. ಉಳಿಯಲಿ. ಇಷ್ಟೊಂದು ಆಸೆ ಯಾವ ರೋಗಿಯ ಮೇಲೂ ಪಟ್ಟಿದ್ದಿಲ್ಲ.

ಫೆಬ್ರವರಿ 26
ಕಮಲೇಶ್ ಭಾನುವಾರ ತೀರಿಕೊಂಡ.

ಮಾರ್ಚ್ 3, ಮಧ್ಯಾಹ್ನ
ದೆಹಲಿಯ ಪೋಸ್ಟರ್ ಇವತ್ತು ಪ್ರಿಂಟಿಗೆ ಹೋಗಬೇಕು. ಮೂರನೇ ಸಾಲಿನಲ್ಲಿದೆ — ಸಾವು: 0.

"ಕಮಲೇಶ್ ನಮ್ಮ ಸ್ಟಡಿಯಲ್ಲಿ ಇರ್ಲಿಲ್ಲ ಅಲ್ವಾ ಡಾಕ್ಟ್ರೇ" ಎಂದಳು ತೆರೆಸಾ. "ಅದು ತಪ್ಪಾಗುವುದಿಲ್ಲ."

ನಿಯಮದ ಪ್ರಕಾರ ಸರಿ. ಯಾರೂ ಕೇಳುವುದಿಲ್ಲ.

ಸೊನ್ನೆ ಅಳಿಸಿದೆ. ಅಲ್ಲಿ ಈಗ 1 ಇದೆ, ಕೆಳಗೆ ಸಣ್ಣ ಅಕ್ಷರದಲ್ಲಿ: ಫಾರಂ 47, ನಾವೇ ಸೇರಿಸದೆ ಬಿಟ್ಟವ.